ಅಪರಾವರ್ತ್ಯ ಉಷ್ಣಗತಿವಿಜ್ಞಾನದ ಅನ್ವಯಗಳು

ಬಿಸಿಯಾದ ವಸ್ತುವಿನಿಂದ ತಣ್ಣನೆಯ ವಸ್ತುವಿಗೆ ಶಾಖವು ಹರಿಯುವುದು, ಉಪ್ಪು ತಿಳಿನೀರಿನಲ್ಲೆಲ್ಲ ಹರಡಿಕೊಳ್ಳುವುದು, ವಿದ್ಯುತ್ತು ಹರಿದ ತಂತಿ ಕಾಯುವುದು, ಕಬ್ಬಿಣ ತುಕ್ಕು ಹಿಡಿಯುವುದು ಮುಂತಾಗಿ, ತಮ್ಮಷ್ಟಕ್ಕೆ ಒಂದೇ ದಿಕ್ಕಿನಲ್ಲಿ ಸಾಗಿ, ಹೊರಗಿನಿಂದ ವ್ಯಯವಿಲ್ಲದೆ ಹಿಂದಿರುಗಲಾರದ ಕ್ರಿಯೆಗಳನ್ನು ಅಪರಾವರ್ತ್ಯ ಕ್ರಿಯೆಗಳೆಂದೂ, ಅವುಗಳ ವೇಗವನ್ನು, ಅವುಗಳ ಪರಸ್ಪರ ಸಂಬಂಧವನ್ನು ಮತ್ತು ಅವುಗಳಿಂದ ಒದಗುವ ಶಕ್ತಿಯ ಅಪವ್ಯಯವನ್ನು ಅಳೆದು ನಿಯಮಗಳಿಗೆ ಒಳಪಡಿಸುವ ಶಾಸ್ತ್ರವನ್ನು ಅಪರಾವರ್ತ್ಯ ಉಷ್ಣಗತಿವಿಜ್ಞಾನವೆಂದೂ ಕರೆಯುತ್ತಾರೆ. 1824ರಲ್ಲಿ ಸಾದಿ ಕಾರ್ನೋ ಉಷ್ಣಯಂತ್ರಗಳ ದಕ್ಷತೆಯ ಪರಮಾವಧಿಯನ್ನು ವಿಚಾರಿಸಿದಂದಿನಿಂದ 1865ರಲ್ಲಿ ಕ್ಲಾಸಿಯಸ್ ಎಂಟ್ರೊಪಿಗೆ ಆ ಹೆಸರನ್ನಿತ್ತವರೆಗೆ ರೂಪುಗೊಂಡ ಶಾಸ್ತ್ರೀಯ ಉಷ್ಣಗತಿವಿಜ್ಞಾನವು ಮುಖ್ಯವಾಗಿ ಸಮಸ್ಥಿತಿಯ ಶಾಸ್ತ್ರ. ಒಂದು ವ್ಯವಸ್ಥೆ ಕೊನೆಗೆ ಯಾವ ನೆಲೆಯನ್ನು ಮುಟ್ಟುವುದೆಂಬುದನ್ನು ಅದು ತಪ್ಪದೆ ಹೇಳುತ್ತದೆ. ಎಷ್ಟು ಹೊತ್ತಿಗೆ, ಯಾವ ದಾರಿಯಿಂದ, ಏನನ್ನು ಕಳೆದುಕೊಂಡು ಮುಟ್ಟುವುದೆಂಬುದನ್ನು ಹೇಳುವುದಿಲ್ಲ. ಕಾರ್ನೋವಿನ ಆದರ್ಶಯಂತ್ರವು ಅನಂತ ಮಂದಗತಿಯಲ್ಲಿ ಚಲಿಸತಕ್ಕದ್ದು, ಆದಕಾರಣ ಅದರಿಂದ ದೊರೆಯುವ ಸಾಮರ್ಥ್ಯ ಸೊನ್ನೆ. ಬಳಕೆಯಲ್ಲಿರುವ ಯಂತ್ರಗಳು, ಮಿಡಿಯುವ ಹೃದಯ, ಬೀಸುವ ಗಾಳಿ ಇವೆಲ್ಲವೂ ಅಪರಾವರ್ತ್ಯ ಉಷ್ಣಗತಿವಿಜ್ಞಾನದ ಎಲ್ಲೆಯೊಳಗಿನವು.

ಶಾಸ್ತ್ರದ ಮೊದಲ ಆಧಾರ ಸ್ಥಳೀಯ ಸಮಸ್ಥಿತಿಯೆಂಬ ಗೃಹೀತ. ಒಂದು ತುದಿ ಕೆಂಡದಲ್ಲಿಯೂ ಮತ್ತೊಂದು ತುದಿ ನೀರಿನಲ್ಲಿಯೂ ಇರುವ ಕಬ್ಬಿಣದ ಸರಳಿಗೆ ಒಟ್ಟಾರೆಯಾಗಿ ಇಷ್ಟೇ ಉಷ್ಣತೆಯೆಂದು ಹೇಳುವಂತಿಲ್ಲವಾದರೂ, ಅದನ್ನು ಅತಿ ಸಣ್ಣ ಭಾಗಗಳಾಗಿ ವಿಭಾಗಿಸಿ ಭಾವಿಸಿಕೊಂಡರೆ, ಒಂದೊಂದು ಭಾಗಕ್ಕೂ ತನ್ನದೇ ಆದ ಉಷ್ಣತೆ, ಸಾಂದ್ರತೆ, ಎಂಟ್ರೊಪಿಗಳಿವೆಯೆಂದೂ ಸಮಸ್ಥಿತಿಯಲ್ಲಿ ಅವುಗಳ ನಡುವೆ ಇರುವ ಸಂಬಂಧವೇ ಇಲ್ಲಿಯೂ ಇರುವುದೆಂದೂ ಎಣಿಸಬಹುದು. ಆಗ ಪ್ರತಿಯೊಂದು ಪ್ರವಾಹಕ್ಕೂ ಅದಕ್ಕೆ ತಕ್ಕ ಪ್ರೇರಕವೊಂದು ಕಾಣಸಿಗುತ್ತದೆ: ಶಾಖದ ಪ್ರವಾಹಕ್ಕೆ ಉಷ್ಣತೆಯ ಏರುಪೇರು, ವಿದ್ಯುತ್ತಿಗೆ ವಿಭವಾಂತರ, ದ್ರವ್ಯದ ವಿಸರಣಕ್ಕೆ ರಾಸಾಯನಿಕ ವಿಭವದ ವ್ಯತ್ಯಾಸ. ಫೂರ್ಯೇ 1822ರಲ್ಲಿಯೂ, ಓಮ್ 1827ರಲ್ಲಿಯೂ, ಫಿಕ್ 1855ರಲ್ಲಿಯೂ ಪ್ರತ್ಯೇಕವಾಗಿ ಪ್ರತಿಪಾದಿಸಿದ ನಿಯಮಗಳು ಈ ಒಂದೇ ಮಾತಿನ ಮೂರು ರೂಪಗಳು. ಪ್ರತಿಯೊಂದು ಪ್ರವಾಹವನ್ನೂ ಅದರ ಪ್ರೇರಕದಿಂದ ಗುಣಿಸಿ ಕೂಡಿಸಿದಾಗ ಬರುವ ಮೊತ್ತವೇ ಎಂಟ್ರೊಪಿಯು ಹುಟ್ಟುವ ದರ. ಉಷ್ಣಗತಿವಿಜ್ಞಾನದ ಎರಡನೆಯ ನಿಯಮದ ಪ್ರಕಾರ ಅದು ಎಂದಿಗೂ ಋಣವಾಗಲಾರದು. ಆದರೆ ನಿಯಮವು ಕಟ್ಟುಪಾಡು ಮಾಡಿರುವುದು ಮೊತ್ತಕ್ಕೇ ಹೊರತು ಬಿಡಿಬಿಡಿಯಾದ ಪದಗಳಿಗಲ್ಲ. ಒಂದು ಕ್ರಿಯೆ ಇಳಿಜಾರಿನಲ್ಲಿ ಸಾಕಷ್ಟು ರಭಸದಿಂದ ಇಳಿಯುತ್ತಿರುವಾಗ ಅದರೊಡನೆ ಕೂಡಿಕೊಂಡ ಇನ್ನೊಂದು ಕ್ರಿಯೆ ಏರನ್ನು ಹತ್ತಬಹುದು. ಈ ಶಾಸ್ತ್ರದ ಅನ್ವಯಗಳಲ್ಲಿ ಮುಖ್ಯವಾದವೆಲ್ಲ ಈ ಒಂದು ಅವಕಾಶದಿಂದ ಹುಟ್ಟಿದವೆಂದರೆ ಅತಿಶಯೋಕ್ತಿಯಾಗದು.

ಇಂತಹ ಕೂಡಿಕೆಯ ಪರಿಣಾಮಗಳು ಶಾಸ್ತ್ರಕ್ಕಿಂತ ಬಹು ಮೊದಲೇ ಪ್ರಯೋಗಶಾಲೆಗಳಲ್ಲಿ ಕಂಡಿದ್ದವು. ಎರಡು ಲೋಹಗಳ ಬೆಸುಗೆಗಳನ್ನು ಬೇರೆ ಬೇರೆ ಉಷ್ಣತೆಯಲ್ಲಿರಿಸಿದರೆ ವಿದ್ಯುತ್ತು ಹರಿಯುವುದಕ್ಕೆ ಕಾರಣವಾದ ಪರಿಣಾಮವನ್ನು ಸೀಬೆಕ್ 1821ರಲ್ಲಿ ಕಂಡನು. ವಿದ್ಯುತ್ತನ್ನು ಹರಿಸಿದರೆ ಅದೇ ಬೆಸುಗೆಗಳಲ್ಲಿ ಒಂದು ತಣ್ಣಗಾಗಿ ಇನ್ನೊಂದು ಬೆಚ್ಚಗಾಗುವುದನ್ನು ಪೆಲ್ಟಿಯೆ 1834ರಲ್ಲಿ ತೋರಿಸಿದನು. ಇವೆರಡರ ನಡುವಣ ಸಂಬಂಧವನ್ನು ವಿಲಿಯಂ ಥಾಮ್ಸನ್, ಎಂದರೆ ಮುಂದೆ ಲಾರ್ಡ್ ಕೆಲ್ವಿನ್ ಎನಿಸಿಕೊಂಡಾತ, 1854ರಲ್ಲಿಯೇ ಬರೆದನಾದರೂ, ಅಪರಾವರ್ತ್ಯವಾದ ಶಾಖವಹನವನ್ನು ಲೆಕ್ಕದಿಂದ ಬಿಟ್ಟು ಉಳಿದುದನ್ನು ಪರಾವರ್ತ್ಯವೆಂದು ಭಾವಿಸಿ ಆತನು ಪಡೆದ ಆ ಫಲಿತಾಂಶಕ್ಕೆ ನಿಷ್ಕೃಷ್ಟವಾದ ಸಮರ್ಥನೆ ಇರಲಿಲ್ಲ. ಸಮೀಕರಣ ಸರಿಯಾಗಿತ್ತು, ಏಕೆ ಸರಿಯೆಂಬುದು ಮುಕ್ಕಾಲು ಶತಮಾನ ಅಜ್ಞಾತವಾಗಿಯೇ ಉಳಿಯಿತು.

ಅದಕ್ಕೆ ಉತ್ತರವಿತ್ತವನು ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಲಾರ್ಸ್ ಆನ್ಸಾಗರ್. ಅಣುಗಳ ಚಲನೆಯ ನಿಯಮಗಳು ಕಾಲವನ್ನು ಹಿಂದುಮುಂದು ಮಾಡಿದರೂ ಬದಲಾಗುವುದಿಲ್ಲವೆಂಬ ತತ್ತ್ವವನ್ನೂ, ಸಮಸ್ಥಿತಿಯಲ್ಲಿ ತಾನಾಗಿ ಉಂಟಾಗುವ ಸಣ್ಣ ಏರಿಳಿತಗಳು ಶಮನವಾಗುವ ಬಗೆಯೂ ಹೊರಗಿನಿಂದ ಉಂಟುಮಾಡಿದ ವ್ಯತ್ಯಾಸಗಳು ಶಮನವಾಗುವ ಬಗೆಯೂ ಒಂದೇ ಎಂಬ ಊಹೆಯನ್ನೂ ಆಧಾರವಾಗಿಟ್ಟುಕೊಂಡು, ಮೊದಲನೆಯ ಪ್ರೇರಕವು ಎರಡನೆಯ ಪ್ರವಾಹವನ್ನು ಯಾವ ಗುಣಾಂಕದಿಂದ ಹರಿಸುವುದೋ ಎರಡನೆಯ ಪ್ರೇರಕವು ಮೊದಲನೆಯ ಪ್ರವಾಹವನ್ನು ಅದೇ ಗುಣಾಂಕದಿಂದ ಹರಿಸುವುದೆಂದು ಆತನು 1931ರಲ್ಲಿ ಪ್ರಕಟಿಸಿದ ಎರಡು ಲೇಖನಗಳಲ್ಲಿ ಸಿದ್ಧಪಡಿಸಿದನು. ಒಂದು ದಶಕಕ್ಕೂ ಮಿಗಿಲಾಗಿ ವಿದ್ವಲ್ಲೋಕ ಈ ಲೇಖನಗಳತ್ತ ಹೆಚ್ಚು ಗಮನ ಕೊಡಲಿಲ್ಲ. ಮೈಕ್ಸ್‌ನರ್, ಕ್ಯಾಸಿಮಿರ್, ಪ್ರಿಗೋಜಿನ್, ದೆ ಗ್ರೂಟ್ ಮುಂತಾದವರು ನಲವತ್ತರ ದಶಕದಲ್ಲಿ ಅವುಗಳನ್ನು ವಿಸ್ತರಿಸಿ ವ್ಯವಸ್ಥಿತಗೊಳಿಸಿದ ಬಳಿಕವೇ ಅವು ನಾನಾ ಶಾಸ್ತ್ರಗಳಲ್ಲಿ ಬಳಕೆಗೆ ಬಂದವು. ಆನ್ಸಾಗರನಿಗೆ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆತುದು 1968ರಲ್ಲಿ. ಅಳೆಯಲು ಕಷ್ಟವಾದುದನ್ನು ಅಳೆಯಲು ಸುಲಭವಾದುದರಿಂದ ಪಡೆಯುವ ಮಾರ್ಗವನ್ನು ಈ ಸಮಾನತೆ ತೆರೆದಿಟ್ಟಿತು.

ಉದಾಹರಣೆಗೆ, ಉಷ್ಣತೆಯನ್ನು ಅಳೆಯಲು ಕಾರ್ಖಾನೆಗಳಲ್ಲಿ ನಿತ್ಯವೂ ಬಳಸುವ ತಾಮ್ರ–ಕಾನ್‌ಸ್ಟಂಟನ್ ಜೋಡಿಯಲ್ಲಿ ಬೆಸುಗೆಗಳ ನಡುವೆ ಒಂದು ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 40 ಮೈಕ್ರೊವೋಲ್ಟ್ ವಿಭವ ಹುಟ್ಟುತ್ತದೆ. ಈ ಸಂಖ್ಯೆಯನ್ನು ಕೋಣೆಯ ನಿರಪೇಕ್ಷ ಉಷ್ಣತೆಯಾದ 300ರಿಂದ ಗುಣಿಸಿದರೆ 12 ಮಿಲಿವೋಲ್ಟ್ ಬರುತ್ತದೆ. ಎಂದರೆ ಅದೇ ಜೋಡಿಯಲ್ಲಿ ಒಂದು ಆಂಪೇರ್ ವಿದ್ಯುತ್ತನ್ನು ಹರಿಸಿದಾಗ ಒಂದು ಬೆಸುಗೆ ಸೆಕೆಂಡಿಗೆ 12 ಮಿಲಿಜೂಲಿನಷ್ಟು ಶಾಖವನ್ನು ಹೀರಿಕೊಳ್ಳಲೇಬೇಕು. ತಂತಿಯ ಸ್ವಂತ ಕಾವಿನಲ್ಲಿ ಮುಳುಗಿಹೋಗುವ ಈ ಅಲ್ಪ ಶಾಖವನ್ನು ಪ್ರತ್ಯಕ್ಷವಾಗಿ ಅಳೆಯುವುದು ಬಹು ಶ್ರಮದ ಕೆಲಸ; ವಿಭವವನ್ನು ಅಳೆಯುವುದಾದರೋ ಕ್ಷಣಮಾತ್ರದ ಕೆಲಸ. ಲೋಹಗಳಲ್ಲಿ ಹೀಗೆ ಅತ್ಯಲ್ಪವಾದ ಪರಿಣಾಮವು ಅರೆವಾಹಕಗಳಲ್ಲಿ ಉಪಯೋಗಕ್ಕೆ ಬರುವಷ್ಟು ದೊಡ್ಡದಾಗಬಲ್ಲುದೆಂಬುದನ್ನು ಸೋವಿಯೆತ್ ದೇಶದಲ್ಲಿ ಅಯೋಫೆಯೂ, ಇಂಗ್ಲೆಂಡಿನಲ್ಲಿ ಬಿಸ್ಮತ್ ಟೆಲ್ಯೂರೈಡನ್ನು ಕುರಿತು 1954ರಲ್ಲಿ ಗೋಲ್ಡ್‌ಸ್ಮಿಡ್ ಎಂಬಾತನೂ ತೋರಿಸಿದರು. ಇಲ್ಲಿ ವಸ್ತುವಿನ ಯೋಗ್ಯತೆಯನ್ನು ನಿರ್ಣಯಿಸುವುದು ಸೀಬೆಕ್ ಗುಣಾಂಕದ ವರ್ಗ, ವಿದ್ಯುದ್ವಾಹಕತೆ ಮತ್ತು ಉಷ್ಣತೆಗಳ ಗುಣಲಬ್ಧವನ್ನು ಶಾಖವಾಹಕತೆಯಿಂದ ಭಾಗಿಸಿದಾಗ ಬರುವ ಸಂಖ್ಯೆ. ವಿದ್ಯುತ್ತನ್ನು ಸುಲಲಿತವಾಗಿ ಹರಿಯಗೊಟ್ಟು ಶಾಖವನ್ನು ಮಾತ್ರ ತಡೆಯುವ ವಸ್ತು ಬೇಕು. ಪ್ರಕೃತಿಯಲ್ಲಿ ವಿದ್ಯುದ್ವಾಹಕತೆಯೂ ಶಾಖವಾಹಕತೆಯೂ ಸಾಮಾನ್ಯವಾಗಿ ಜೊತೆಗೂಡಿಯೇ ಇರುವುದರಿಂದ ಈ ಸಂಖ್ಯೆಯನ್ನು ಒಂದರಿಂದ ಬಹುದೂರ ಮೇಲಕ್ಕೇರಿಸುವುದು ಇಂದಿಗೂ ದುಸ್ಸಾಧ್ಯವಾಗಿದೆ. ಆದರೂ ಇಂತಹ ವಸ್ತುಗಳಿಂದ ಮಾಡಿದ, ಚಲಿಸುವ ಅಂಗವೊಂದೂ ಇಲ್ಲದ ಸಾಧನವು ದುರಸ್ತಿ ಮಾಡುವವರಿಲ್ಲದೆಡೆಯಲ್ಲಿ ಅಸದೃಶವಾದದ್ದು. 1977ರಲ್ಲಿ ಹೊರಟ ವಾಯೇಜರ್ ನೌಕೆಗಳು ಪ್ಲುಟೋನಿಯಂ ಕ್ಷಯಿಸುವಾಗ ಹೊಮ್ಮುವ ಶಾಖವನ್ನು ಈ ಬಗೆಯಾಗಿ ವಿದ್ಯುತ್ತಾಗಿಸಿಕೊಂಡು ಸೌರಮಂಡಲದ ಗ್ರಹಗಳನ್ನೆಲ್ಲ ದಾಟಿ ದಶಕಗಟ್ಟಲೆ ವಾರ್ತೆಗಳನ್ನು ಕಳುಹಿಸಿದವು. ಮಂಗಳಗ್ರಹದ ಮೇಲೆ ಸಂಚರಿಸುವ ಕ್ಯೂರಿಯಾಸಿಟಿ ಬಂಡಿಯಲ್ಲಿ ಆರಂಭದಲ್ಲಿ ಸುಮಾರು 2000 ವಾಟ್ ಶಾಖದಿಂದ ದೊರೆತ ವಿದ್ಯುತ್ತು 110 ವಾಟ್ ಮಾತ್ರ.

ಶಾಖವಿಲ್ಲದೆಡೆಯಲ್ಲಿಯೂ ಆನ್ಸಾಗರನ ಸಮಾನತೆಯ ಆಟ ಇದೇ. 1809ರಲ್ಲಿ ಮಾಸ್ಕೋದಲ್ಲಿ ರಾಯ್ಸ್ ಎಂಬಾತನು ಒದ್ದೆ ಜೇಡಿಮಣ್ಣಿನ ಮೂಲಕ ವಿದ್ಯುತ್ತನ್ನು ಹಾಯಿಸಿದಾಗ ಅದರೊಡನೆ ನೀರೂ ಸರಿಯುವುದನ್ನು ಕಂಡನು. 1859ರಲ್ಲಿ ಕ್ವಿಂಕೆ ರಂಧ್ರಮಯ ವಸ್ತುವಿನ ಮೂಲಕ ನೀರನ್ನು ಒತ್ತಿದರೆ ವಿದ್ಯುದ್ವಿಭವ ಹುಟ್ಟುವುದನ್ನು ಕಂಡನು. ಮೊದಲನೆಯದರಲ್ಲಿ ಒಂದು ಆಂಪೇರಿಗೆ ಎಷ್ಟು ನೀರು ಸರಿಯುವುದೋ, ಎರಡನೆಯದರಲ್ಲಿ ಒಂದು ಮಾನ ಒತ್ತಡಕ್ಕೆ ಅಷ್ಟೇ ವಿಭವ ಹುಟ್ಟುವುದೆಂಬುದನ್ನು ಸಾಕ್ಸೇನ್ 1892ರಲ್ಲಿ, ಎಂದರೆ ಆನ್ಸಾಗರನಿಗಿಂತ ಸುಮಾರು ನಲವತ್ತು ವರ್ಷ ಮುಂಚೆ, ಪ್ರಯೋಗದಿಂದ ತೋರಿಸಿದ್ದನು. ನೀರನ್ನು ಬಿಟ್ಟುಕೊಡದ ಜೇಡಿನೆಲಗಳಲ್ಲಿ ಸರಳುಗಳನ್ನು ಹೂಳಿ ವಿದ್ಯುತ್ತು ಹಾಯಿಸಿ ಮಣ್ಣನ್ನು ಗಟ್ಟಿಗೊಳಿಸುವ ಕ್ರಮವನ್ನು ಲಿಯೋ ಕಾಸಗ್ರಾಂಡೆ ಜರ್ಮನಿಯ ರೈಲುಮಾರ್ಗದ ಕೆಲಸದಲ್ಲಿ ಬಳಕೆಗೆ ತಂದದ್ದು ಇದೇ ತತ್ತ್ವದ ಮೇಲೆ.

ಮಿಶ್ರಣವೊಂದರ ಒಂದು ಬದಿ ಬಿಸಿಯಾಗಿ ಇನ್ನೊಂದು ತಣ್ಣಗಿದ್ದರೆ ಅದರ ಘಟಕಗಳು ಬೇರೆಬೇರೆ ಬದಿಗೆ ಸರಿಯುವ ಉಷ್ಣವಿಸರಣವು ಲುಡ್ವಿಗ್ ಮತ್ತು ಸೊರೆ ಎಂಬವರ ಹೆಸರಿನಲ್ಲಿದೆ. ಒಂದು ಸಲಕ್ಕೆ ಅದರಿಂದ ಆಗುವ ಬೇರ್ಪಡಿಕೆ ಅತ್ಯಲ್ಪ. ಆದರೆ ಎತ್ತರವಾದ ಲಂಬನಾಳದಲ್ಲಿ ಬಿಸಿಗೋಡೆಯ ಪಕ್ಕದ ಮಿಶ್ರಣ ಮೇಲೇರುತ್ತಲೂ ತಣ್ಣನೆಯ ಗೋಡೆಯ ಪಕ್ಕದ್ದು ಕೆಳಗಿಳಿಯುತ್ತಲೂ ಇದ್ದರೆ ಆ ಅಲ್ಪವೇ ಮಡಿಮಡಿಯಾಗಿ ಬೆಳೆಯುವುದೆಂಬುದನ್ನು ಕ್ಲೂಸಿಯಸ್ ಮತ್ತು ಡಿಕೆಲ್ 1938ರಲ್ಲಿ ಸಿದ್ಧಪಡಿಸಿದರು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಟೆನೆಸಿಯ ಓಕ್ ರಿಡ್ಜ್‌ನಲ್ಲಿ 48 ಅಡಿ ಎತ್ತರದ 2142 ನಾಳಗಳನ್ನು ಸಾಲಾಗಿ ನಿಲ್ಲಿಸಿ, ಒಳಗೊಳವೆಯಲ್ಲಿ ಹಬೆಯನ್ನೂ ಹೊರಗೆ ತಂಪುಗೊಳಿಸುವ ನೀರನ್ನೂ ಹರಿಸಿ, ನಡುವಣ ಕೂದಲೆಳೆಯಂತಹ ಸಂದಿಯಲ್ಲಿ ಯುರೇನಿಯಂ ಹೆಕ್ಸಫ್ಲೋರೈಡನ್ನು ತುಂಬಿ, ಸ್ವಾಭಾವಿಕವಾಗಿ ಶೇ. 0.7ರಷ್ಟಿರುವ ಹಗುರವಾದ ಯುರೇನಿಯಮ್ಮಿನ ಅಂಶವನ್ನು ಶೇ. 0.9ರ ಸಮೀಪಕ್ಕೆ ಒಯ್ದು ಬೇರೆ ಸ್ಥಾವರಗಳಿಗೆ ಒದಗಿಸಿದರು. ಅಣುಬಾಂಬಿನ ರೂಪದಲ್ಲಿ ಅದರಿಂದ ಮುಂದೆ ಒದಗಿದ ಘೋರವನ್ನು ಇಲ್ಲಿ ಹೇಳಬೇಕಾದುದಿಲ್ಲ. ಶಾಸ್ತ್ರದೃಷ್ಟಿಯಿಂದ ನೋಡಿದರೆ, ಪಡೆದ ಬೇರ್ಪಡಿಕೆಗೆ ಹೋಲಿಸಿದರೆ ಸುರಿದ ಹಬೆ ಅಪಾರವಾಗಿದ್ದಿತು. ಬಿಸಿಗೋಡೆಯಿಂದ ತಣ್ಣನೆಯ ಗೋಡೆಗೆ ಬರಿದೇ ಹರಿದುಹೋಗುವ ಶಾಖವೇ ಇಲ್ಲಿ ಎಂಟ್ರೊಪಿಯ ಬಹುಭಾಗ. 1945ರ ಸೆಪ್ಟೆಂಬರಿನಲ್ಲಿಯೇ ಆ ಸ್ಥಾವರವನ್ನು ಮುಚ್ಚಲಾಯಿತು.

ಲೋಹಶಾಸ್ತ್ರದಲ್ಲಿ ಈ ವಿಚಾರಸರಣಿಯ ಬೆಲೆಯನ್ನು ತೋರಿಸಲು ಡಾರ್ಕನ್ 1949ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಸಾಕು. ಇಂಗಾಲದ ಪ್ರಮಾಣ ಹೆಚ್ಚುಕಡಿಮೆ ಒಂದೇ ಇರುವ, ಆದರೆ ಒಂದರಲ್ಲಿ ಮಾತ್ರ ಶೇ. 3.8ರಷ್ಟು ಸಿಲಿಕಾನ್ ಬೆರೆತಿರುವ ಎರಡು ಉಕ್ಕಿನ ತುಂಡುಗಳನ್ನು ಬೆಸೆದು 1050 ಡಿಗ್ರಿ ಉಷ್ಣತೆಯಲ್ಲಿ 13 ದಿನ ಇರಿಸಿದನು. ಸಾರತೆ ಹೆಚ್ಚಿರುವಲ್ಲಿಂದ ಕಡಿಮೆಯಿರುವಲ್ಲಿಗೆ ವಿಸರಣವಾಗುವುದೆಂಬ ಫಿಕ್‌ನ ಮಾತು ಸಂಪೂರ್ಣ ಸತ್ಯವಾಗಿದ್ದಲ್ಲಿ ಇಂಗಾಲವು ಇದ್ದಲ್ಲಿಯೇ ಇರಬೇಕಾಗಿದ್ದಿತು. ತೆಗೆದು ಪರೀಕ್ಷಿಸಲಾಗಿ, ಬೆಸುಗೆಯ ಬಳಿ ಇಂಗಾಲವು ಸಿಲಿಕಾನ್ ಇರುವ ಬದಿಯನ್ನು ತೊರೆದು ಇಲ್ಲದ ಬದಿಯಲ್ಲಿ ರಾಶಿಗೊಂಡಿದ್ದಿತು. ಸಮವಾಗಿದ್ದುದು ತಾನಾಗಿ ವಿಷಮವಾಗಿದ್ದಿತು. ಸಿಲಿಕಾನಿನ ಸಾನ್ನಿಧ್ಯವು ಇಂಗಾಲದ ರಾಸಾಯನಿಕ ವಿಭವವನ್ನು ಏರಿಸುವುದರಿಂದ, ಇಂಗಾಲವು ಸಾರತೆಯ ಏರನ್ನು ಹತ್ತಿದ್ದರೂ ವಿಭವದ ಇಳಿಜಾರಿನಲ್ಲಿಯೇ ಇಳಿದುದೆಂಬುದು ಇದರ ವಿವರಣೆ. ನಿಜವಾದ ಪ್ರೇರಕ ಯಾವುದೆಂಬುದನ್ನು ಗುರುತಿಸುವುದೇ ಅರ್ಧ ಕೆಲಸವೆಂಬುದನ್ನು ಇಷ್ಟು ಸ್ಪಷ್ಟವಾಗಿ ಕಾಣಿಸಿದ ಪ್ರಯೋಗಗಳು ವಿರಳ. ಮಿಶ್ರಲೋಹಗಳ ಮೇಲ್ಮೈಯನ್ನು ಗಡುಸುಗೊಳಿಸುವುದು, ಬೆಸುಗೆಗಳ ಬಾಳಿಕೆ, ಉತ್ತಪ್ತ ಟರ್ಬೈನ್ ಅಲಗುಗಳ ಲೇಪ ಇತ್ಯಾದಿ ವಿಷಯಗಳಲ್ಲೆಲ್ಲ ಇಂದು ಈ ದೃಷ್ಟಿಯೇ ಪ್ರಮಾಣ.

ಜನಜೀವನಕ್ಕೆ ಅತಿ ಹತ್ತಿರವಾದ ಅನ್ವಯ ಪೊರೆಗಳದು. ಪೊರೆಯ ಮೂಲಕ ನೀರೂ ಅದರಲ್ಲಿ ಕರಗಿದ ದ್ರಾವ್ಯವೂ ಹಾಯುವಾಗ, ನೀರಿಗೆ ಒಂದು ಮತ್ತು ದ್ರಾವ್ಯಕ್ಕೆ ಒಂದು, ಹೀಗೆ ಎರಡು ಗುಣಾಂಕಗಳು ಸಾಕೆಂದು ಶರೀರಶಾಸ್ತ್ರಜ್ಞರು ಬಹುಕಾಲ ನಂಬಿದ್ದರು. ಎರಡು ಪ್ರವಾಹಗಳೂ ಎರಡು ಪ್ರೇರಕಗಳೂ ಇರುವಲ್ಲಿ ಗುಣಾಂಕಗಳು ನಾಲ್ಕು, ಆನ್ಸಾಗರನ ಸಮಾನತೆಯಿಂದ ಅವು ಮೂರಾಗುತ್ತವೆ, ಅದಕ್ಕಿಂತ ಕಡಿಮೆಯಲ್ಲಿ ಪೊರೆಯನ್ನು ವರ್ಣಿಸುವುದು ಅಸಾಧ್ಯವೆಂದು ಇಸ್ರೇಲಿನ ವೈಜ್ಮನ್ ಸಂಸ್ಥೆಯ ಓರಾ ಕೆಡೆಮ್ ಮತ್ತು ಆಹರೋನ್ ಕಾಚಾಲ್ಸ್ಕಿ 1958ರಲ್ಲಿ ತೋರಿಸಿದರು. ಈ ಮೂರನೆಯದು, ಎಂದರೆ ಸ್ಟಾವರ್ಮನ್ ಮೊದಲು ಸೂಚಿಸಿದ್ದ ಪ್ರತಿಫಲನ ಗುಣಾಂಕವು, ಪೊರೆಯು ದ್ರಾವ್ಯವನ್ನು ಎಷ್ಟರಮಟ್ಟಿಗೆ ಹಿಂದಕ್ಕೆ ತಳ್ಳುವುದೆಂಬುದರ ಅಳತೆ. ಅದು ಒಂದಾದರೆ ದ್ರಾವ್ಯವು ಹಾಯಲಾರದು, ಸೊನ್ನೆಯಾದರೆ ಪೊರೆಗೆ ನೀರೂ ದ್ರಾವ್ಯವೂ ಒಂದೇ. ನಮ್ಮ ಲೋಮನಾಳಗಳ ಭಿತ್ತಿಗೆ ರಕ್ತದ ಪ್ರೋಟೀನುಗಳ ವಿಷಯದಲ್ಲಿ ಈ ಗುಣಾಂಕ ಒಂದಕ್ಕೆ ಸಮೀಪ, ಉಪ್ಪಿನ ವಿಷಯದಲ್ಲಿ ಸೊನ್ನೆಗೆ ಸಮೀಪ. ಆದಕಾರಣವೇ ರಕ್ತದಲ್ಲಿ ಉಪ್ಪು ಎಷ್ಟಿದ್ದರೂ ನೀರನ್ನು ನಾಳದೊಳಗೆ ಹಿಡಿದಿಡುವ ಕೆಲಸ ಪ್ರೋಟೀನುಗಳದಾಗಿದೆ, ಅವು ಕುಂದಿದಾಗ ಕಾಲು ಬಾವೇರುತ್ತದೆ. ಮಿದುಳಿನ ಲೋಮನಾಳಗಳು ಮಾತ್ರ ಇದಕ್ಕೆ ಭಿನ್ನವಾಗಿ ಸಣ್ಣ ಅಣುಗಳನ್ನೂ ತಡೆಯುವುದರಿಂದ, ತಲೆಗೆ ಪೆಟ್ಟು ಬಿದ್ದು ಮಿದುಳು ಊದಿಕೊಂಡವರಿಗೆ ವೈದ್ಯರು ಮ್ಯಾನಿಟಾಲನ್ನು ರಕ್ತನಾಳಕ್ಕೆ ಏರಿಸುತ್ತಾರೆ. ಅಲ್ಲಿಯ ಭಿತ್ತಿಯನ್ನು ದಾಟಲಾರದ ಆ ದ್ರಾವ್ಯವು ಮಿದುಳಿನಿಂದ ನೀರನ್ನು ರಕ್ತದೊಳಕ್ಕೆ ಎಳೆದುಕೊಳ್ಳುತ್ತದೆ.

ಇದೇ ಸಮೀಕರಣಗಳು ಉಪ್ಪುನೀರನ್ನು ಸಿಹಿಗೊಳಿಸುವ ಹಿಮ್ಮುಖ ಅಭಿಸರಣಕ್ಕೂ ತಳಹದಿ. ಸಮುದ್ರಜಲದ ಅಭಿಸರಣ ಒತ್ತಡ ವಾಯುಮಂಡಲದ ಒತ್ತಡದ ಇಪ್ಪತ್ತೇಳರಷ್ಟಿದ್ದು, ಅದನ್ನು ಮೀರಿಸಿ ಒತ್ತಿದರೆ ಪೊರೆಯ ಮೂಲಕ ನೀರು ಮಾತ್ರ ಹಿಂದಕ್ಕೆ ಬರುತ್ತದೆ. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಲ್ಲಿ ಸಿಡ್ನಿ ಲೋಬ್ ಮತ್ತು ಭಾರತೀಯನಾದ ಶ್ರೀನಿವಾಸ ಸೌರಿರಾಜನ್, ಅತಿ ತೆಳುವಾದ ಬಿಗಿಪದರವೊಂದು ರಂಧ್ರಮಯವಾದ ದಪ್ಪಪದರದ ಮೇಲೆ ಕುಳಿತಿರುವಂತೆ ಸೆಲ್ಯುಲೋಸ್ ಅಸಿಟೇಟಿನ ಪೊರೆಯನ್ನು ತಯಾರಿಸಿದ ಮೇಲೆ ಇದು ಕಾರ್ಯಸಾಧ್ಯವಾಯಿತು; 1965ರಲ್ಲಿ ಕೊಅಲಿಂಗಾ ಎಂಬ ಊರು ಇದರಿಂದ ನೀರು ಪಡೆಯಿತು. ಸಮುದ್ರಜಲದ ಅರ್ಧಭಾಗವನ್ನು ಸಿಹಿನೀರಾಗಿಸಲು ಪರಾವರ್ತ್ಯಕ್ರಮದಲ್ಲಿ ಘನಮೀಟರಿಗೆ ಸುಮಾರು ಒಂದು ಯೂನಿಟ್ ವಿದ್ಯುತ್ತು ಸಾಕು. ಇಂದಿನ ಒಳ್ಳೆಯ ಸ್ಥಾವರಗಳಿಗೂ ಎಲ್ಲ ಸೇರಿ ಮೂರು ನಾಲ್ಕು ಯೂನಿಟ್ ಬೇಕಾಗುತ್ತದೆ. ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಕೋಲಾರ, ಚಿಕ್ಕಬಳ್ಳಾಪುರ ಮುಂತಾದ ಜಿಲ್ಲೆಗಳ ಹಳ್ಳಿಗಳಲ್ಲಿ ಜನರು ಕೊಡ, ಕ್ಯಾನುಗಳನ್ನು ಹಿಡಿದು ನಿಲ್ಲುವ ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿಯೂ ಇಂತಹ ಪೊರೆಯೇ ಕೆಲಸ ಮಾಡುತ್ತದೆ. ಸಿಹಿನೀರು ಹೊರಬಂದಷ್ಟೂ ಉಳಿದ ನೀರು ಗಾಢವಾಗಿ, ಅದರ ಅಭಿಸರಣ ಒತ್ತಡ ಏರಿ, ಪೊರೆಯ ಮೇಲೆ ಲವಣಗಳು ಗರಣೆಗಟ್ಟುವುದರಿಂದ, ಎಲ್ಲ ನೀರನ್ನೂ ಹಿಂಡಿ ತೆಗೆಯುವುದು ಅಶಕ್ಯ. ತ್ಯಾಜ್ಯವಾಗಿ ಉಳಿಯುವ ಆ ನೀರನ್ನು ಎಲ್ಲಿ ಬಿಡಬೇಕೆಂಬುದು ಅಂತರ್ಜಲ ಬತ್ತುತ್ತಿರುವ ಆ ನಾಡಿನಲ್ಲಿ ಪೊರೆಯ ಗುಣಮಟ್ಟದಷ್ಟೇ ಗಂಭೀರವಾದ ಪ್ರಶ್ನೆ. ಅದಕ್ಕೆ ಸಲ್ಲುತ್ತಿರುವ ಗಮನ ಏನೇನೂ ಸಾಲದು.

ಯಂತ್ರಶಾಸ್ತ್ರದಲ್ಲಿ ಈ ವಿಜ್ಞಾನವು ನಷ್ಟದ ಲೆಕ್ಕಪತ್ರವಾಗಿ ಪರಿಣಮಿಸಿದೆ. ಹುಟ್ಟಿದ ಎಂಟ್ರೊಪಿಯನ್ನು ಪರಿಸರದ ಉಷ್ಣತೆಯಿಂದ ಗುಣಿಸಿದರೆ ಕೈತಪ್ಪಿಹೋದ ಕಾರ್ಯದ ಮೊತ್ತ ದೊರೆಯುವುದೆಂಬುದು ಗುಯಿ ಮತ್ತು ಸ್ಟೊಡೋಲ ಇವರ ಪ್ರಮೇಯ. ಉಷ್ಣವಿದ್ಯುತ್ ಸ್ಥಾವರದ ನಷ್ಟ ಎಲ್ಲಿದೆಯೆಂದು ಕೇಳಿದರೆ, ಶಾಖದ ಬಹುಪಾಲು ತೊಲಗಿಹೋಗುವ ಕಂಡೆನ್ಸರನ್ನೇ ಯಾರಾದರೂ ತೋರಿಸುವರು. ಈ ಪ್ರಮೇಯದ ಪ್ರಕಾರ ಲೆಕ್ಕ ಹಾಕಿದರೆ ಅಪರಾಧಿ ಬಾಯ್ಲರು. ಸಾವಿರಾರು ಡಿಗ್ರಿಯ ಜ್ವಾಲೆಯಿಂದ ಐನೂರು ಆರುನೂರು ಡಿಗ್ರಿಯ ಹಬೆಗೆ ಶಾಖವು ಧುಮುಕುವಾಗಲೇ ಅದರ ಸತ್ತ್ವ ಹೋಗಿರುತ್ತದೆ, ಕಂಡೆನ್ಸರಿಗೆ ಬರುವುದು ಹೆಚ್ಚಾಗಿ ನಿಸ್ಸಾರವಾದ ಶಾಖ. ಸಾಮರ್ಥ್ಯ ಗರಿಷ್ಠವಾಗುವಂತೆ ಯಂತ್ರವನ್ನು ನಡೆಸಿದರೆ ಅದರ ದಕ್ಷತೆ ಎಷ್ಟೆಂಬುದನ್ನು ಕರ್ಜನ್ ಮತ್ತು ಆಲ್ಬಾರ್ನ್ 1975ರಲ್ಲಿ ವಿಚಾರಿಸಿದರು. ಇದಕ್ಕೆ ಮುನ್ನವೇ ನೋವಿಕೋವ್ ಮೊದಲಾದವರೂ ಈ ಫಲಿತಾಂಶವನ್ನು ಕಂಡಿದ್ದರು. ಉದಾಹರಣೆಗೆ, ಇಂಗ್ಲೆಂಡಿನ ವೆಸ್ಟ್ ಥರಕ್ ಕಲ್ಲಿದ್ದಲು ಸ್ಥಾವರದಲ್ಲಿ ಹಬೆ 565 ಡಿಗ್ರಿ, ತಣ್ಣನೆಯ ಬದಿ 25 ಡಿಗ್ರಿ ಇದ್ದಿತು. ಕಾರ್ನೋವಿನ ಸೂತ್ರದಂತೆ ದಕ್ಷತೆ ಶೇ. 64, ಕರ್ಜನ್ ಮತ್ತು ಆಲ್ಬಾರ್ನರ ಸೂತ್ರದಂತೆ ಶೇ. 40, ವಾಸ್ತವದಲ್ಲಿ ಕಂಡದ್ದು ಶೇ. 36. ಈ ಸಾಮೀಪ್ಯದಲ್ಲಿ ಆಕಸ್ಮಿಕದ ಅಂಶವೂ ಇದೆ, ಏಕೆಂದರೆ ಸೂತ್ರದ ಹಿಂದಣ ಸರಳೀಕರಣಗಳು ಯಾವ ಸ್ಥಾವರಕ್ಕೂ ಪೂರ್ಣವಾಗಿ ಹೊಂದುವುದಿಲ್ಲ. ಆದರೂ ಕಾಲವನ್ನು ಗಣನೆಗೆ ತಂದ ಮಾತ್ರಕ್ಕೆ ಆದರ್ಶವು ಎಷ್ಟು ಇಳಿಯುವುದೆಂಬುದನ್ನು ಅದು ಮನದಟ್ಟು ಮಾಡಿಕೊಡುತ್ತದೆ.

ಇಲ್ಲಿಯವರೆಗೆ ಹೇಳಿದುದೆಲ್ಲ ಸಮಸ್ಥಿತಿಗೆ ಸಮೀಪವಾದ, ಪ್ರವಾಹವು ಪ್ರೇರಕಕ್ಕೆ ಅನುಪಾತದಲ್ಲಿರುವ ಪ್ರದೇಶದ ಮಾತು. ಅದರಾಚೆಗೆ ನಿಯಮಗಳ ಸ್ವರೂಪವೇ ಬೇರೆ. ತಳದಿಂದ ಕಾಯಿಸಿದ ತೆಳುವಾದ ದ್ರವಪದರವು ಒಂದು ಮಿತಿಯನ್ನು ಮೀರಿದೊಡನೆ ಜೇನುಹುಟ್ಟಿನಂತಹ ಷಟ್ಕೋಣಗಳಾಗಿ ಒಡೆಯುವುದನ್ನು ಬೆನಾರ್ 1900ರಲ್ಲಿ ಕಂಡಿದ್ದನು. ಬ್ರೋಮೇಟ್, ಮ್ಯಾಲೋನಿಕ್ ಆಮ್ಲ ಮತ್ತು ಸೀರಿಯಂ ಲವಣ ಬೆರೆತ ದ್ರಾವಣವು ಗಡಿಯಾರದಂತೆ ಬಣ್ಣವನ್ನು ಬದಲಿಸುತ್ತ ಹೋಗುವುದನ್ನು ಝಬೊಟಿನ್‌ಸ್ಕಿ ಅರವತ್ತರ ದಶಕದಲ್ಲಿ ವಿಸ್ತಾರವಾಗಿ ಅಭ್ಯಸಿಸಿದನು. ಅದಕ್ಕೆ ಒಂದು ದಶಕ ಮುಂಚೆ ಇಂತಹುದನ್ನೇ ಕಂಡಿದ್ದ ಬೆಲೌಸೋವ್‌ನ ಲೇಖನವನ್ನು ಪತ್ರಿಕೆಗಳು ಅಸಂಭವವೆಂದು ತಿರಸ್ಕರಿಸಿದ್ದವು. ಶಕ್ತಿಯನ್ನು ಅಪವ್ಯಯಿಸುತ್ತಲೇ ಕ್ರಮವನ್ನು ಕಾಪಾಡಿಕೊಳ್ಳುವ ಇಂತಹ ವ್ಯವಸ್ಥೆಗಳ ಸಿದ್ಧಾಂತಕ್ಕಾಗಿ ಬ್ರಸೆಲ್ಸಿನ ಇಲ್ಯಾ ಪ್ರಿಗೋಜಿನ್‌ಗೆ 1977ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಆ ಸಿದ್ಧಾಂತವನ್ನು ಸಮಾಜ, ನಗರ, ಇತಿಹಾಸ ಎಲ್ಲಕ್ಕೂ ಅನ್ವಯಿಸುವ ಉತ್ಸಾಹವು ಅನಂತರ ಬೆಳೆಯಿತಾದರೂ, ಅಳೆಯಬಹುದಾದ ಪ್ರವಾಹವೂ ಪ್ರೇರಕವೂ ಇಲ್ಲದೆಡೆ ಅದು ಉಪಮೆಯಾಗಬಲ್ಲುದೇ ವಿನಾ ವಿಜ್ಞಾನವಾಗಲಾರದು. ಭೂಮಿಯ ವಾಯುಮಂಡಲವು ಎಂಟ್ರೊಪಿಯ ಉತ್ಪತ್ತಿ ಗರಿಷ್ಠವಾಗುವಂತೆ ತನ್ನನ್ನು ಹೊಂದಿಸಿಕೊಳ್ಳುವುದೆಂದು ಪಾಲ್ಟ್‌ರಿಜ್ 1975ರಲ್ಲಿ ಮುಂದಿಟ್ಟ ಊಹೆಯೂ ಇಂದಿಗೂ ವಿವಾದಗ್ರಸ್ತ. ಸೂರ್ಯನಿಂದ ಬಂದ ಒಂದೊಂದು ಫೋಟಾನಿಗೆ ಸುಮಾರು ಇಪ್ಪತ್ತು ದುರ್ಬಲ ಫೋಟಾನುಗಳನ್ನು ಭೂಮಿಯು ಆಕಾಶಕ್ಕೆ ಹಿಂದಿರುಗಿಸುವುದೆಂಬುದು ಮಾತ್ರ ನಿರ್ವಿವಾದ. ಗಾಳಿ, ಮಳೆ, ಹಸಿರು ಇವೆಲ್ಲ ಆ ವಿನಿಮಯದ ನಡುವೆ ನಡೆಯುತ್ತವೆ.

ಜೀವಕೋಶದ ವಿಷಯದಲ್ಲಿ ಅನುಪಾತದ ನಿಯಮ ಎಲ್ಲಿ ನಿಲ್ಲುವುದೆಂಬುದನ್ನು ಅಂಕಿಯಿಂದಲೇ ಹೇಳಬಹುದು. ರಾಸಾಯನಿಕ ಕ್ರಿಯೆಗೆ ಈ ನಿಯಮ ಸಲ್ಲಬೇಕಾದರೆ ಅದರ ಪ್ರೇರಕವು ಮೋಲಿಗೆ ಎರಡೂವರೆ ಕಿಲೋಜೂಲಿಗಿಂತ ಬಹು ಕಡಿಮೆಯಿರಬೇಕು. ಕೋಶಕ್ಕೆ ಶಕ್ತಿಯನ್ನು ಒದಗಿಸುವ ಎಟಿಪಿ ಎಂಬ ಅಣು ಅಲ್ಲಿ ಒಡೆಯುವಾಗ ದೊರೆಯುವುದು ಐವತ್ತರ ಆಸುಪಾಸು. ಎಟಿಪಿಯ ಇಳಿತವು ಸೋಡಿಯಂ, ಪೊಟ್ಯಾಸಿಯಂಗಳನ್ನು ಏರಿಸುವುದೆಂಬ ಕೂಡಿಕೆಯ ತತ್ತ್ವ ಅಲ್ಲಿಯೂ ಸತ್ಯ, ಆದರೆ ಲೆಕ್ಕಕ್ಕೆ ಬೇರೆ ಸಾಧನಗಳು ಬೇಕು. ಅಂತಹ ಸಾಧನಗಳು 1993ರಿಂದೀಚೆಗೆ ಏರಿಳಿತಗಳ ಪ್ರಮೇಯಗಳೆಂಬ ಹೆಸರಿನಲ್ಲಿ ಒದಗಿವೆ. ವ್ಯವಸ್ಥೆ ಅತಿ ಸಣ್ಣದಾದಾಗ ಎಂಟ್ರೊಪಿಯು ಒಮ್ಮೊಮ್ಮೆ ಕ್ಷಣಕಾಲ ಇಳಿಯಲೂಬಹುದು. ಎಷ್ಟು ಬಾರಿ ಇಳಿಯುವುದೆಂಬುದಕ್ಕೆ ಈ ಪ್ರಮೇಯಗಳಲ್ಲಿ ನಿಷ್ಕೃಷ್ಟವಾದ ಸೂತ್ರವಿದೆ. ಇವುಗಳಿಗೆ ಸಂಬಂಧಿಸಿದ, ಜಾರ್ಜಿನ್‌ಸ್ಕಿ 1997ರಲ್ಲಿ ಕೊಟ್ಟ ಸಮೀಕರಣವನ್ನು ಐದು ವರ್ಷಗಳ ಬಳಿಕ ಬರ್ಕ್ಲಿಯಲ್ಲಿ ಒಂಟಿ ಆರ್‌ಎನ್‌ಎ ಅಣುವನ್ನು ಲೇಸರ್ ಚಿಮಟದಿಂದ ಎಳೆದು ಬಿಡಿಸಿ ಪರೀಕ್ಷಿಸಿದರು. ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರದ ವಿಜ್ಞಾನಿಗಳು 2016ರಲ್ಲಿ, ಮೈಕ್ರೊಮೀಟರ್ ಗಾತ್ರದ ಮಣಿಯೊಂದನ್ನು ಬೆಳಕಿನಿಂದ ಹಿಡಿದು, ಈಜಾಡುವ ಬ್ಯಾಕ್ಟೀರಿಯಗಳಿಂದ ತುಂಬಿದ ದ್ರವವನ್ನೇ ಶಾಖದ ಆಕರವನ್ನಾಗಿ ಮಾಡಿ, ಸ್ಟರ್ಲಿಂಗ್ ಚಕ್ರದಲ್ಲಿ ಅದನ್ನು ನಡೆಸಿದರು. ಬ್ಯಾಕ್ಟೀರಿಯಗಳ ತಾಡನವು ಸಾಧಾರಣ ದ್ರವದ ಅಣುಗಳ ತಾಡನದಂತಲ್ಲದೆ ಅಪರೂಪಕ್ಕೆ ಬಲವಾದ ನೂಕುಗಳನ್ನೂ ಕೊಡುವುದರಿಂದ, ಆ ಪುಟ್ಟ ಯಂತ್ರದಿಂದ ದೊರೆತ ಕಾರ್ಯವು ಬ್ಯಾಕ್ಟೀರಿಯಗಳಿಲ್ಲದ ದ್ರವದಲ್ಲಿ ನಡೆಯುವ ಅಂತಹುದೇ ಯಂತ್ರದ್ದಕ್ಕಿಂತ ಬಹುವಾಗಿ ಹೆಚ್ಚಿದ್ದಿತು.